ಅಂದಿನ ಓಟದ ಕಾರು, ಇಂದಿನ ಮನೆಯ ಕಾರು

(ಅಂತಿಮ ಬಿ.ಎ.)

ಇಂದಿನ ಯುಗವನ್ನು ಯಂತ್ರಯುಗವೆಂದು ಕರೆಯುವುದು ರೂಢಿಯಾಗಿದೆ. ಆದರೂ ಯಂತ್ರಗಳ ನಡುವೆಯೇ ಬಾಳುವ ನಾವು ಅವುಗಳ ವಿಷಯವಾಗಿ ಬರೆಯುವುದು ಕಡಿಮೆ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಂತೂ ಕಾರಿನ ಇಂಜಿನ್ನಿನ ಮಾತು ಅಪರೂಪವೇ ಸರಿ. ಇತಿಹಾಸದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ತಂದೆಯವರು ಸುಮಾರು ಮೂವತ್ತು ವರ್ಷಗಳಿಂದ ಕಾರಿನ ಚಾಲಕರು. ನಾಲ್ಕನೆಯ ತರಗತಿಯಿಂದಾಚೆಗೆ ಅವರು ಓದಿದವರಲ್ಲ. ನಮ್ಮ ಮನೆಗೆ ಪುಸ್ತಕಗಳು ಬರುವುದಕ್ಕೆ ಬಹಳ ಮೊದಲೇ ಸ್ಪ್ಯಾನರುಗಳು ಬಂದಿದ್ದವು. ಆದುದರಿಂದ ನಾನು ಓದಿ ತಿಳಿದುದನ್ನೂ ಅವರು ಕೈಯಾರೆ ತಿಳಿದುದನ್ನೂ ಸೇರಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಊರಿನ ಡಾಕ್ಟರ ದಂಪತಿಗಳನ್ನು ಮದುವೆಯೊಂದಕ್ಕೆಂದು ತಂದೆಯವರು ಬೆಂಗಳೂರಿಗೆ ಕರೆದೊಯ್ದರು. ಮುಂದಿನ ಆಸನ ಖಾಲಿಯಿದ್ದುದರಿಂದ ನಾನೂ ಹೊರಟೆ. ಮಧ್ಯಾಹ್ನ ದೊರೆತ ಬಿಡುವಿನಲ್ಲಿ ನಾವಿಬ್ಬರೂ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಹೋದೆವು. ಅಲ್ಲಿ ಎರಡೇ ಆಸನಗಳುಳ್ಳ, ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಕಾರೊಂದರ ಸುತ್ತ ಜನ ನೆರೆದಿದ್ದರು. ಅದು ಇಂಗ್ಲೆಂಡಿನ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರು. ಕಾರಿನ ಒಡೆಯರು ಬಾನೆಟ್ಟನ್ನು ಎತ್ತಿದರು. ತಂದೆಯವರು ಬಗ್ಗಿ ನೋಡಿ, “ಸಾರ್, ಇದು ನಮ್ಮ ಅಂಬಾಸಡರ್ ಇಂಜಿನ್ ಅಲ್ವಾ?” ಎಂದುಬಿಟ್ಟರು. ಸುತ್ತಲಿದ್ದ ಕೆಲವರು ನಕ್ಕರು. ನನಗೂ ಸ್ವಲ್ಪ ನಾಚಿಕೆಯಾಯಿತು. ಆದರೆ ಒಡೆಯರು ನಗಲಿಲ್ಲ. “ಹೌದು ಯಜಮಾನರೇ, ಒಂದೇ ಮನೆತನದ್ದು. ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು. “ಎಷ್ಟು ಸಲ ಬಿಚ್ಚಿ ಕಟ್ಟಿದೀನಿ ಸಾರ್” ಎಂದರು ತಂದೆಯವರು.

ಊರಿಗೆ ಹಿಂದಿರುಗಿದ ಮೇಲೆ ನಾನು ಹುಡುಕಿ ಓದಿದೆ. ತಂದೆಯವರ ಮಾತು ನಿಜವಾಗಿತ್ತು. 1955ರ ಎಂ.ಜಿ.ಎ. ಕಾರಿನ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದ್ದು. ಅದರ ಅಳತೆ 1489 ಘನ ಸೆಂಟಿಮೀಟರು. ಅದೇ ಶ್ರೇಣಿಯ, ಅದೇ ಅಳತೆಯ ಇಂಜಿನ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರಿಗೂ ಬಂದು, ದಶಕಗಳ ಕಾಲ ನಮ್ಮ ದೇಶದ ಟ್ಯಾಕ್ಸಿಗಳನ್ನೂ ಸರ್ಕಾರಿ ಅಧಿಕಾರಿಗಳನ್ನೂ ಎಳೆಯಿತು. ಇನ್ನೊಂದು ಕಾಕತಾಳೀಯವನ್ನೂ ಇಲ್ಲಿ ಹೇಳಬೇಕು. ನಾವು ಅಂದು ಹೊರಗೆ ನಿಲ್ಲಿಸಿ ಬಂದಿದ್ದ ಡಾಕ್ಟರ ಕಾರು 2020ರಲ್ಲಿ ಬಂದ ಐದನೆಯ ತಲೆಮಾರಿನ ಹೋಂಡಾ ಸಿಟಿ. ಅದರ ಪೆಟ್ರೋಲ್ ಇಂಜಿನ್ನಿನ ಅಳತೆ 1498 ಘನ ಸೆಂಟಿಮೀಟರು. ಎರಡಕ್ಕೂ ಇರುವ ವ್ಯತ್ಯಾಸ ಕೇವಲ ಒಂಬತ್ತು. ಎರಡು ಚಹಾ ಚಮಚದಷ್ಟೂ ಇಲ್ಲ. ಅಂದಮೇಲೆ ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯವಾದ ಹೋಲಿಕೆಯೇ. ಒಂದೇ ಅಳತೆಯ ಇಂಜಿನ್ನಿನಿಂದ ಅರವತ್ತೈದು ವರ್ಷಗಳಲ್ಲಿ ಮನುಷ್ಯನು ಏನನ್ನು ಗಳಿಸಿದನು, ಏನನ್ನು ಕಳೆದುಕೊಂಡನು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಹಳೆಯ ಕಾರಿನ ಪರಿಚಯ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂ.ಜಿ. ಕಾರುಗಳ ಮೇಲೆಯೂ ಅದೇ ಅಷ್ಟಕೋನದ ಮುದ್ರೆಯಿದೆ. ಆದರೆ ಒಡೆತನ ಬೇರೆ, ಕಾರ್ಖಾನೆ ಬೇರೆ. ಎಂ.ಜಿ.ಎ. ತಯಾರಾದದ್ದು ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ, 1955ರಿಂದ 1962ರವರೆಗೆ. ಅದರ ವಿನ್ಯಾಸಕಾರ ಸಿಡ್ ಎನೆವರ್. ಒಟ್ಟು 1,01,081 ಕಾರುಗಳು ತಯಾರಾದವು. ಅವುಗಳಲ್ಲಿ ಇಂಗ್ಲೆಂಡಿನಲ್ಲಿಯೇ ಉಳಿದವು ಆರು ಸಾವಿರಕ್ಕೂ ಕಡಿಮೆ. ಮಿಕ್ಕವೆಲ್ಲ ಹಡಗು ಹತ್ತಿ ಪರದೇಶಗಳಿಗೆ, ಬಹುಮಟ್ಟಿಗೆ ಅಮೆರಿಕಕ್ಕೆ ಹೋದವು. ನಮ್ಮ ದೇಶದ 2021ರ ನಿಯಮದ ಪ್ರಕಾರ ಐವತ್ತು ವರ್ಷ ಮೀರಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಈ ಲೆಕ್ಕದಲ್ಲಿ ಎಂ.ಜಿ.ಎ.ಗೆ ಆ ಗೌರವ ಸಲ್ಲುತ್ತದೆ.

ಇನ್ನು ಬಲಾಬಲದ ವಿಚಾರ. ಎಂ.ಜಿ.ಎ. ಹೊರಬಂದಾಗ ಅದರ ಇಂಜಿನ್ನಿನ ಬಲ 68 ಅಶ್ವಶಕ್ತಿ. ಸಿಟಿಯದು ಸುಮಾರು 120. ಅಳತೆ ಒಂದೇ ಆಗಿರುವಾಗ ಬಲ ಇಮ್ಮಡಿಯ ಹತ್ತಿರಕ್ಕೆ ಬಂದುದು ಹೇಗೆ? ಇಂಜಿನ್ನೆಂಬುದು ಒಂದು ಬಗೆಯ ಉಸಿರಾಟದ ಯಂತ್ರ. ಗಾಳಿಯನ್ನೂ ಪೆಟ್ರೋಲನ್ನೂ ಸೇರಿಸಿ ಒಳಗೆಳೆದುಕೊಂಡು, ಒತ್ತಿ, ಕಿಡಿ ಹಚ್ಚಿ, ಹೊಗೆಯನ್ನು ಹೊರದೂಡುತ್ತದೆ. ಎಷ್ಟು ಸರಾಗವಾಗಿ, ಎಷ್ಟು ಬೇಗ ಉಸಿರಾಡಬಲ್ಲುದೋ ಅಷ್ಟು ಬಲ. ಹಳೆಯ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡೇ ಕವಾಟಗಳು: ಒಂದು ಒಳಬರಲು, ಒಂದು ಹೊರಹೋಗಲು. ಅಷ್ಟೇ ಅಲ್ಲದೆ ಎರಡೆರಡು ಸಿಲಿಂಡರುಗಳಿಗೆ ಗಾಳಿ ಬರುವ ದಾರಿ ಒಂದೇ. ಎರಡು ಸಂಸಾರಗಳಿಗೆ ಒಂದೇ ತಲೆಬಾಗಿಲು ಇದ್ದ ಹಾಗೆ. ಸಿಟಿಯ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ನಾಲ್ಕು ಕವಾಟಗಳು, ಪ್ರತ್ಯೇಕ ದಾರಿ. ಹಳೆಯದು ಗರಿಷ್ಠ ಬಲವನ್ನು ತೋರುವುದು ನಿಮಿಷಕ್ಕೆ 5500 ಸುತ್ತುಗಳಲ್ಲಿ, ಹೊಸದು 6600 ಸುತ್ತುಗಳಲ್ಲಿ.

ಪೆಟ್ರೋಲನ್ನು ಉಣಿಸುವ ಕ್ರಮದಲ್ಲಿಯೂ ದೊಡ್ಡ ಅಂತರವಿದೆ. ಎಂ.ಜಿ.ಎ.ಯಲ್ಲಿ ಎರಡು ಕಾರ್ಬ್ಯುರೇಟರುಗಳಿವೆ. ಒಳನುಗ್ಗುವ ಗಾಳಿಯೇ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಸೆಳೆದು ತುಂತುರಾಗಿಸುವ ಸಾಧನವದು. ಎರಡನ್ನೂ ಸರಿಸಮವಾಗಿ ಹೊಂದಿಸುವುದು ಒಂದು ಕಲೆ. ಆ ಕಾಲದ ಮೆಕ್ಯಾನಿಕ್ಕುಗಳು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಗಾಳಿಯ ಸುಯ್ಯೆಂಬ ಸದ್ದು ಎರಡರಲ್ಲಿಯೂ ಒಂದೇ ಆಗುವವರೆಗೆ ತಿರುಪನ್ನು ತಿರುಗಿಸುತ್ತಿದ್ದರು. ವೈದ್ಯನು ಎದೆಯ ಬಡಿತವನ್ನು ಆಲಿಸಿದಂತೆ! ಸಿಟಿಯಲ್ಲಿ ಈ ಕೆಲಸವೆಲ್ಲ ಒಂದು ಪುಟ್ಟ ಗಣಕದ್ದು. ಒಳಬರುವ ಗಾಳಿ ಎಷ್ಟು, ಇಂಜಿನ್ನಿನ ಶಾಖ ಎಷ್ಟು, ಹೊಗೆಯಲ್ಲಿ ಉಳಿದ ಆಮ್ಲಜನಕ ಎಷ್ಟು ಎಂಬುದನ್ನೆಲ್ಲ ಸೆನ್ಸರುಗಳು ಅದಕ್ಕೆ ತಿಳಿಸುತ್ತವೆ. ಅದು ಲೆಕ್ಕಹಾಕಿ ಬೇಕಾದಷ್ಟೇ ಪೆಟ್ರೋಲನ್ನು ಚಿಮ್ಮಿಸುತ್ತದೆ. ಹೊಗೆಯು ಹೊರಬೀಳುವ ಮುನ್ನ ಅದರೊಳಗಿನ ವಿಷಗಳನ್ನು ತಗ್ಗಿಸುವ ಸಾಧನವೂ ಇದೆ. ಎಂ.ಜಿ.ಎ.ಯ ಕಾಲದಲ್ಲಿ ಪೆಟ್ರೋಲಿಗೆ ಸೀಸವನ್ನೇ ಬೆರೆಸುತ್ತಿದ್ದರು. ಆ ಹೊಗೆಯನ್ನು ಬೀದಿಯ ಮಕ್ಕಳು ಕುಡಿಯುತ್ತಿದ್ದರೆಂಬುದು ಯಾರ ಗಮನದಲ್ಲಿಯೂ ಇರಲಿಲ್ಲ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ.

ಫಲಿತಾಂಶವೇನು? 1955ರಲ್ಲಿ ‘ದಿ ಮೋಟಾರ್’ ಎಂಬ ಆಂಗ್ಲ ಪತ್ರಿಕೆಯು ಎಂ.ಜಿ.ಎ.ಯನ್ನು ಪರೀಕ್ಷಿಸಿತು. ಗರಿಷ್ಠ ವೇಗ ಗಂಟೆಗೆ 157 ಕಿಲೋಮೀಟರು. ನಿಂತಲ್ಲಿಂದ 97 ಕಿಲೋಮೀಟರು ವೇಗಕ್ಕೆ ಏರಲು 16 ಸೆಕೆಂಡು. ಒಂದು ಲೀಟರಿಗೆ ಓಡಿದ್ದು ಒಂಬತ್ತೂವರೆ ಕಿಲೋಮೀಟರಿನಷ್ಟು. ಸಿಟಿಯು ನೂರು ಕಿಲೋಮೀಟರು ವೇಗಕ್ಕೆ ಏರಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಗೇರು ಹಾಕುವ ಸಿಟಿಗೆ ಕಂಪೆನಿಯು ಹೇಳುವ ಮೈಲೇಜು ಲೀಟರಿಗೆ 17.8 ಕಿಲೋಮೀಟರು. ರಸ್ತೆಯಲ್ಲಿ ಅಷ್ಟು ಬಾರದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೂ ಹಳೆಯದಕ್ಕಿಂತ ಎಷ್ಟೋ ಮೇಲು. ನೆನಪಿಡಬೇಕಾದುದೇನೆಂದರೆ ಎಂ.ಜಿ.ಎ. ಸುಮಾರು 900 ಕಿಲೋ ತೂಗುವ ಇಬ್ಬರ ಕಾರು. ಸಿಟಿ 1100 ಕಿಲೋಗೂ ಮೇಲ್ಪಟ್ಟು ತೂಗುವ ಐವರ ಕಾರು, ಅದರ ಡಿಕ್ಕಿಯಲ್ಲಿ ಮದುವೆಯ ಸಾಮಾನೆಲ್ಲ ಹಿಡಿಯುತ್ತದೆ. ಎಂ.ಜಿ.ಎ.ಯ ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಇಟ್ಟಮೇಲೆ ಉಳಿಯುವುದು ಒಂದು ಸಣ್ಣ ಚೀಲದ ಜಾಗ. ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ. ಒಳಗೆ ಕೈಹಾಕಿ ಹುರಿಯನ್ನು ಎಳೆಯಬೇಕು. ಕಿಟಕಿಗೆ ಗಾಜಿಲ್ಲ, ಬಿಚ್ಚಿಡುವ ಪರದೆಯಿದೆ. ಕಾಲಡಿಯ ನೆಲ ಮರದ ಹಲಗೆಯದು. ಕಾಗದದ ಮೇಲೆ ನೋಡಿದರೆ ಅಂದಿನ ಓಟದ ಕಾರನ್ನು ಇಂದಿನ ಸಂಸಾರಸ್ಥರ ಕಾರು ಎಲ್ಲ ಲೆಕ್ಕಗಳಲ್ಲಿಯೂ ಸೋಲಿಸುತ್ತದೆ.

ವೇಗಕ್ಕಿಂತಲೂ ಮುಖ್ಯವಾದುದು ನಿಲ್ಲುವುದು. ಬ್ರೇಕಿನ ಕೆಲಸ ಓಟವನ್ನು ಶಾಖವನ್ನಾಗಿ ಮಾರ್ಪಡಿಸುವುದು. 1955ರ ಎಂ.ಜಿ.ಎ.ಯ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಮುಚ್ಚಿದ ಪಾತ್ರೆಯಂತಿರುವ ಡ್ರಮ್ಮಿನೊಳಗೆ ಲೈನಿಂಗುಗಳು ಅಗಲವಾಗಿ ಉಜ್ಜುತ್ತವೆ. ಮೇಲಿಂದ ಮೇಲೆ ಬ್ರೇಕು ಹಾಕಿದರೆ ಶಾಖವು ಹೊರಹೋಗಲಾರದೆ ಲೈನಿಂಗು ಹಿಡಿತ ತಪ್ಪುತ್ತದೆ. ಡ್ರಮ್ಮು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಆಗ ಪೆಡಲು ಕಾಲಡಿಯಲ್ಲಿ ಕುಸಿಯುತ್ತದೆ. ಇದನ್ನು ನಾನು ಓದಿದ್ದು ಪುಸ್ತಕದಲ್ಲಿ. ತಂದೆಯವರು ಕಲಿತದ್ದು ಆಗುಂಬೆ ಘಾಟಿಯಲ್ಲಿ.

ನಾನು ಹುಟ್ಟುವ ಮೊದಲಿನ ಮಾತು. ಅವರು ಓಡಿಸುತ್ತಿದ್ದ ಹಳೆಯ ಬಾಡಿಗೆ ಕಾರಿನಲ್ಲಿ ಮಕ್ಕಳೂ ಸೇರಿ ಒಂಬತ್ತು ಜನ ಮದುವೆಯ ದಿಬ್ಬಣದವರು. ಸೋಮೇಶ್ವರದ ಕಡೆಗೆ ಇಳಿಯುತ್ತಿರುವಾಗ ನಾಲ್ಕೈದು ತಿರುವುಗಳಾದ ಮೇಲೆ ಸುಟ್ಟ ವಾಸನೆ ಬಂದಿತು. ಮರುಕ್ಷಣದಲ್ಲಿ ಪೆಡಲು ಮೆತ್ತಗಾಯಿತು. ತಂದೆಯವರು ಗೇರನ್ನು ಇಳಿಸಿ, ಕೈಬ್ರೇಕನ್ನು ಎಳೆಯುತ್ತ, ಕಾರನ್ನು ಗುಡ್ಡದ ಬದಿಗೆ ತಗಲಿಸಿ ನಿಲ್ಲಿಸಿದರು. ಚಕ್ರಕ್ಕೆ ಕಲ್ಲು ಕೊಟ್ಟು, ಡ್ರಮ್ಮು ತಣ್ಣಗಾಗುವವರೆಗೆ ಎಲ್ಲರೂ ರಸ್ತೆಬದಿಯಲ್ಲಿ ಕುಳಿತರು. ಒಬ್ಬರೂ ಮಾತನಾಡಲಿಲ್ಲವಂತೆ. “ತಪ್ಪು ಕಾರಿಂದಲ್ಲ, ನಂದು” ಎಂದು ತಂದೆಯವರು ಇಂದಿಗೂ ಹೇಳುತ್ತಾರೆ. “ಅಷ್ಟು ಜನರನ್ನ ಹತ್ತಿಸಿಕೊಂಡಿದ್ದು ತಪ್ಪು, ಎರಡನೇ ಗೇರಲ್ಲಿ ಇಳಿಯೋ ಕಡೆ ಮೂರರಲ್ಲಿ ಇಳಿದದ್ದು ಇನ್ನೂ ತಪ್ಪು.”

ಸಿಟಿಯ ಮುಂದಿನ ಚಕ್ರಗಳಲ್ಲಿ ಗಾಳಿಗೆ ತೆರೆದುಕೊಂಡ ಡಿಸ್ಕುಗಳಿವೆ. ಶಾಖವು ಬೇಗ ಹಾರಿಹೋಗುತ್ತದೆ. (ಹಿಂದಿನ ಚಕ್ರಗಳಲ್ಲಿ ಇನ್ನೂ ಡ್ರಮ್ಮೇ ಇರುವುದು ಅನೇಕರಿಗೆ ತಿಳಿಯದು. ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಮುಂದಿನ ಬ್ರೇಕುಗಳದೇ ಹೆಚ್ಚಿನ ದುಡಿಮೆ.) ಎಂ.ಜಿ.ಎ.ಯೂ 1959ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕುಗಳನ್ನು ಪಡೆಯಿತು. ಆದರೆ ಸಿಟಿಯಲ್ಲಿರುವ ಎ.ಬಿ.ಎಸ್. ಅಂದು ಅದಕ್ಕಿರಲಿಲ್ಲ. ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರವು ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ, ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಎ.ಬಿ.ಎಸ್. ಅದನ್ನು ಗ್ರಹಿಸಿ, ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಬಿಗಿದು, ಚಕ್ರವನ್ನು ಉರುಳುವಂತೆ ಇಡುತ್ತದೆ. ನುರಿತ ಚಾಲಕನ ಕಾಲೂ ಇಷ್ಟು ಚುರುಕಾಗಿರಲಾರದು.

ಅಪಘಾತವೇ ಆಗಿಹೋದರೆ? ಈ ಪ್ರಶ್ನೆಗೆ 1955ರ ಓಟದ ಕಾರಿನಲ್ಲಿ ಉತ್ತರವೇ ಇರಲಿಲ್ಲ. ಸೀಟ್ ಬೆಲ್ಟ್ ಇಲ್ಲ. ಸ್ಟಿಯರಿಂಗಿನ ಉಕ್ಕಿನ ದಂಡವು ಚಾಲಕನ ಎದೆಗೆ ಈಟಿಯಂತೆ ಗುರಿಯಾಗಿದೆ. ಆ ವರ್ಷದ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಎಂ.ಜಿ.ಎ.ಯ ಮೂರು ಪ್ರಾಯೋಗಿಕ ಕಾರುಗಳು ಆ ಪಂದ್ಯದಲ್ಲಿಯೇ ಓಡುತ್ತಿದ್ದವು. ಅವುಗಳಲ್ಲಿ ಒಂದು ಬೇರೆ ಅಪಘಾತಕ್ಕೆ ಸಿಕ್ಕಿ ಅದರ ಚಾಲಕನು ತೀವ್ರವಾಗಿ ಗಾಯಗೊಂಡನು. ಉಳಿದೆರಡು 12ನೆಯ ಮತ್ತು 17ನೆಯ ಸ್ಥಾನದಲ್ಲಿ ಮುಗಿಸಿದವು. ಕೆಲವೇ ತಿಂಗಳುಗಳಲ್ಲಿ ಎಂ.ಜಿ.ಎ. ಮಾರಾಟಕ್ಕೆ ಬಂದಿತು. ವೇಗವನ್ನು ಬಯಸುವವನು ಅಪಾಯವನ್ನೂ ಕೊಂಡುಕೊಳ್ಳುತ್ತಾನೆಂಬುದು ಅಂದಿನ ಸಾಮಾನ್ಯ ಭಾವನೆ.

ಈ ಭಾವನೆಯನ್ನು ಬದಲಿಸಿದವರು ಕೆಲವು ಇಂಜಿನಿಯರುಗಳು. ಬೇಲಾ ಬರೇನಿ ಎಂಬವರು ಕಾರಿನ ಮೂತಿಯೂ ಬಾಲವೂ ಗುದ್ದಿನಲ್ಲಿ ತಾವೇ ಮುದುಡಿ ಪೆಟ್ಟನ್ನು ನುಂಗಬೇಕು, ಜನ ಕುಳಿತ ಮಧ್ಯಭಾಗ ಮಾತ್ರ ಗಟ್ಟಿಯಾಗಿರಬೇಕು ಎಂಬ ತತ್ತ್ವವನ್ನು ಕಂಡುಹಿಡಿದರು; 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಅದು ಬಳಕೆಗೆ ಬಂದಿತು. ಅದೇ ವರ್ಷ ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ ಎದೆಗೂ ಸೊಂಟಕ್ಕೂ ಅಡ್ಡಲಾಗಿ ಬರುವ ಸೀಟ್ ಬೆಲ್ಟನ್ನು ರೂಪಿಸಿದರು. ಕಂಪೆನಿಯು ಅದರ ಹಕ್ಕನ್ನು ತನಗೇ ಬಿಗಿಹಿಡಿಯದೆ ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ನಮ್ಮ ಡಾಕ್ಟರ ಸಿಟಿಯಲ್ಲಿ ಈ ಎರಡೂ ಇವೆ. ಜೊತೆಗೆ ಆರು ಏರ್‌ಬ್ಯಾಗುಗಳಿವೆ. ಮೂಗು ನಜ್ಜುಗುಜ್ಜಾದ ಹೊಸ ಕಾರನ್ನು ಕಂಡು “ಈಗಿನ ತಗಡು ಇಷ್ಟೇ” ಎಂದು ಹಳಿಯುವವರಿದ್ದಾರೆ. ಕಾರು ಹಾಳಾಗಿ ಮನುಷ್ಯ ಉಳಿದನೆಂಬುದನ್ನು ಅವರು ಮರೆಯುತ್ತಾರೆ.

ಹೀಗಿರುವಾಗ ಹಳೆಯ ಕಾರಿನ ಸುತ್ತ ಜನ ನೆರೆಯುವುದೇಕೆ? ಬರಿಯ ಚೆಲುವಿಗೆ ಎನ್ನಬಹುದು. ಆದರೆ ಇನ್ನೂ ಒಂದು ಕಾರಣವಿದೆ ಎಂದು ನನಗೆ ತೋರುತ್ತದೆ. ಹಳೆಯ ಕಾರು ಚಾಲಕನಿಗೆ ಎಲ್ಲವನ್ನೂ ಹೇಳುತ್ತದೆ. ಅದರ ಮೊದಲನೆಯ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಚಕ್ರಗಳನ್ನು ಸಮ ಮಾಡುವ ಏರ್ಪಾಡಿಲ್ಲ. ಓಡುತ್ತಿರುವಾಗ ಆ ಗೇರಿಗೆ ಇಳಿಸಬೇಕಾದರೆ ಚಾಲಕನೇ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರನ್ನು ಹದವಾಗಿ ಒತ್ತಿ, ಸದ್ದನ್ನು ಕೇಳಿ ಹೊಂದಿಸಬೇಕು. ಹಳೆಯ ಲಾರಿ ಚಾಲಕರು ಇದನ್ನು ‘ಡಬಲ್ ಕ್ಲಚ್’ ಎನ್ನುತ್ತಾರೆ. ತಪ್ಪಿದರೆ ಗೇರು ಕರಕರನೆ ಬೈಯುತ್ತದೆ. ವೇಗ ಹೆಚ್ಚಿದರೆ ಗಾಳಿಯು ಮುಖಕ್ಕೆ ಹೊಡೆದು ತಿಳಿಸುತ್ತದೆ. ಸಿಟಿಯೊಳಗೆ ಕಿಟಕಿ ಮುಚ್ಚಿ, ಎ.ಸಿ. ಹಾಕಿ ಕುಳಿತರೆ ನೂರು ಕಿಲೋಮೀಟರು ವೇಗವೂ ನಿಂತಂತೆಯೇ ತೋರುತ್ತದೆ. ಆದುದರಿಂದಲೇ 2019ರ ಜುಲೈಯಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳು ಗಂಟೆಗೆ 80 ಕಿಲೋಮೀಟರು ಮೀರಿದೊಡನೆ ಎಚ್ಚರಿಕೆಯ ಸದ್ದು ಮಾಡಬೇಕೆಂದೂ, 120 ಮೀರಿದರೆ ಬಿಡದೆ ಕೂಗಬೇಕೆಂದೂ ನಿಯಮವಾಯಿತು. ಚಾಲಕನ ಅರಿವಿಗೆ ಬಾರದಂತೆ ನಾವೇ ಮುಚ್ಚಿದುದನ್ನು ಒಂದು ಗಂಟೆ ಕಟ್ಟಿ ತಿಳಿಸಬೇಕಾಗಿ ಬಂದಿದೆ! ಹಳೆಯ ಕಾರು ಎಲ್ಲವನ್ನೂ ಹೇಳಿ ಏನನ್ನೂ ಕಾಯಲಿಲ್ಲ. ಹೊಸ ಕಾರು ಎಲ್ಲವನ್ನೂ ಕಾಯುತ್ತದೆ, ಹೇಳುವುದು ಕಡಿಮೆ.

ಈ ಮೌನದ ಬೆಲೆ ತೆರುವವರು ನನ್ನ ತಂದೆಯವರಂಥವರು. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಸಿಟಿಯಲ್ಲಿ ಇಂಜಿನ್ನಿನ ಎಚ್ಚರಿಕೆಯ ದೀಪ ಹೊತ್ತಿತು. ತಂದೆಯವರು ಬಾನೆಟ್ ಎತ್ತಿದರು. ಕಂಡದ್ದು ಪ್ಲಾಸ್ಟಿಕ್ಕಿನ ಮುಚ್ಚಳ. ಅಲ್ಲಲ್ಲಿ ಇಲಿಯ ಹಿಕ್ಕೆ ಬಿದ್ದಿತ್ತು. “ಇಲಿ ಹೊಕ್ಕಿದೆ ಕಣೋ” ಎಂದಷ್ಟೇ ಹೇಳಿ ಬಾನೆಟ್ ಇಳಿಸಿದರು. ವರ್ಕ್‌ಶಾಪಿನಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬನು ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಚುಚ್ಚಿ, ಯಾವ ಸೆನ್ಸರು ಉತ್ತರ ಕೊಡುತ್ತಿಲ್ಲವೆಂಬುದನ್ನು ಎರಡು ನಿಮಿಷದಲ್ಲಿ ಓದಿದನು. ಸೆನ್ಸರೇ ಕೆಟ್ಟಿರಬೇಕು, ಹೊಸದು ತರಿಸಬೇಕು ಎಂದನು. ಮೂವತ್ತು ವರ್ಷಗಳಿಂದ ಇಂಜಿನ್ನಿನ ಸದ್ದನ್ನು ಕೇಳಿಯೇ ರೋಗ ಹೇಳುತ್ತಿದ್ದ ತಂದೆಯವರು ಕೈಕಟ್ಟಿಕೊಂಡು ದೂರ ನಿಂತಿದ್ದರು. ನಾನು ಹೋಗಿ, ಒಮ್ಮೆ ವೈರನ್ನು ನೋಡಿರಿ, ಇಲಿ ಓಡಾಡಿದೆಯೆಂದು ಅಪ್ಪ ಹೇಳುತ್ತಾರೆ ಎಂದೆ. ಹುಡುಗನು ಮುಚ್ಚಳ ತೆಗೆದು, ಕೆಳಗೆ ಟಾರ್ಚು ಬಿಟ್ಟು ನೋಡಿದನು. ವೈರನ್ನು ಇಲಿ ಕಡಿದಿತ್ತು. ಜೋಡಿಸಿದ ಮೇಲೆ ದೀಪ ಆರಿತು.

ಇದರಿಂದ ಹಳೆಯ ವಿದ್ಯೆಯೇ ದೊಡ್ಡದೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆ ಲ್ಯಾಪ್‌ಟಾಪು ಇಲ್ಲದಿದ್ದರೆ ಅಷ್ಟು ವೈರುಗಳಲ್ಲಿ ಯಾವುದನ್ನು ಹುಡುಕಬೇಕೆಂಬುದು ತಂದೆಯವರಿಗೂ ತಿಳಿಯುತ್ತಿರಲಿಲ್ಲ. ಎಲ್ಲಿ ಎಂಬುದನ್ನು ಗಣಕ ಹೇಳಿತು. ಏಕೆ ಎಂಬುದನ್ನು ಅನುಭವ ಹೇಳಿತು. ನನ್ನನ್ನು ಕೇಳಿದರೆ, ನನ್ನ ತಾಯಿ-ತಂಗಿಯರು ಆಗುಂಬೆ ಘಾಟಿ ಇಳಿಯುವುದು ಸಿಟಿಯಲ್ಲಿಯೇ ಆಗಲಿ ಎನ್ನುತ್ತೇನೆ. ಇದರಲ್ಲಿ ಎರಡನೆಯ ಮಾತಿಲ್ಲ. ಆದರೆ ಯಂತ್ರವು ಸುರಕ್ಷಿತವಾಗುತ್ತ ಹೋದಂತೆ, ಅದನ್ನು ಬಲ್ಲವರ ಸಾಲಿನಿಂದ ಓದುಬರಹವಿಲ್ಲದವರು ಹೊರಬೀಳುತ್ತಿದ್ದಾರೆ. ನಾಲ್ಕನೆಯ ತರಗತಿಯವನೊಬ್ಬನು ಸ್ಪ್ಯಾನರು ಹಿಡಿದು ಇಂಗ್ಲೆಂಡಿನ ಇಂಜಿನಿಯರನ ಮನಸ್ಸನ್ನು ಓದಬಹುದಾಗಿದ್ದ ಕಾಲ ಕಳೆದುಹೋಯಿತು. ಅಕ್ಷರ ಬಲ್ಲ ನಮ್ಮಂಥವರು ಆ ಮುಚ್ಚಳವನ್ನು ತೆರೆದು ಅವರಿಗೂ ತೋರಿಸದೆ ಹೋದರೆ, ನಾವು ಓದಿದ್ದರ ಪ್ರಯೋಜನ ಅವರಿಗೇನು?

ತಂದೆಯವರ ಸ್ಪ್ಯಾನರುಗಳ ಪೆಟ್ಟಿಗೆ ಇಂದಿಗೂ ನಮ್ಮ ಮನೆಯ ಅಟ್ಟದ ಮೇಲಿದೆ. ಅವು ಇಂಚಿನ ಅಳತೆಯವು. ಸಿಟಿಯ ನಟ್ಟುಗಳು ಮಿಲಿಮೀಟರಿನವು, ಹೊಂದುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಬಂದರೆ ಆ ಲ್ಯಾಪ್‌ಟಾಪಿನ ಅಂಕಿಗಳನ್ನು ಓದುವ ಬಗೆಯನ್ನು ತೋರಿಸಿಕೊಡುವೆನೆಂದು ವರ್ಕ್‌ಶಾಪಿನ ಹುಡುಗ ಒಪ್ಪಿದ್ದಾನೆ. ತಂದೆಯವರೂ ಬರುತ್ತೇನೆಂದಿದ್ದಾರೆ.